ಮಣಿ

ನಳಿಗೆ ಎರಡು, ತೂಕ ಹನ್ನೊಂದು ಪೌಂಡು.
ಜಟಕಾದಿಂದ ಇಳಿದ ಸುಬ್ಬರಾಜೇ ಅರಸು
ನಿದ್ದೆಹೋದ ಕೂಸನ್ನು ಎತ್ತಿಕೊಂಡವರ ಹಾಗೆ
ಲಷ್ಕರ್ ಮೊಹಲ್ಲಾದ ನಮ್ಮ ಮೂರು ಮೆಟ್ಟಿಲು ಹತ್ತಿದರು.
ಇನ್ನೊಂದು ಕೈಯಲ್ಲಿ ಚರ್ಮದ ಕೊಳವೆ,
ಕೊಳವೆಯೊಳಗೆ ಜರ್ಮನಿಯ ದುರ್ಬೀನು.
"ಇದನ್ನ ಇದರ ಮೇಲೆ ಕೂರಿಸಬೇಕು, ಆಚಾರ್ರೇ.
ಕಾಕನಕೋಟೆ ಕಡೆ ಒಂಟಿ ಸಲಗ. ಅಪ್ಪಣೆ ಚೀಟಿ ಬಂದಿದೆ."

ಚಿಕ್ಕಪ್ಪ ದುರ್ಬೀನು ಮುಟ್ಟಲಿಲ್ಲ.
ಅರದ ಪುಡಿ ಒರೆಸಿಕೊಂಡು ಕೇಳಿದ:
"ಎಷ್ಟು ದೂರದಿಂದ ಹೊಡೀತೀರಿ ಬುದ್ಧೀ?"
"ಹದಿನೈದು ಮಾರು. ಲಂಟಾನ ಬಿಟ್ಟುಕೊಟ್ಟರೆ ಇಪ್ಪತ್ತು."
"ಹದಿನೈದು ಮಾರಲ್ಲಿರೋ ಆನೇನ
ಇನ್ನೂ ಹತ್ತಿರ ತಂದುಕೊಂಡು ಏನು ಮಾಡ್ತೀರಿ?"

ಆಮೇಲೆ ಟೋಪಿ ಸರಿಸಿ ಬಲಹುಬ್ಬು ತೋರಿಸಿದ.
ಬಿದಿಗೆಯ ಚಂದ್ರನಂಥ ಬಿಳಿ ಗೆರೆ, ಅಲ್ಲಿ ಕೂದಲಿಲ್ಲ.
"ಗುಂಡಿನ ಪಾಲು ಮುಂದಿನವನಿಗೆ, ಒದೆಯ ಪಾಲು ಹಿಂದಿನವನಿಗೆ.
ದುರ್ಬೀನಿನ ಉಂಗುರ ಹುಬ್ಬಿಗೆ ಮೂರೇ ಬೆರಳು ದೂರ ಇತ್ತು.
ಅವತ್ತು ಹೊಡೆದದ್ದು ಹಂದೀನ. ರಕ್ತ ಬಂದದ್ದು ನಂಗೆ."

ಬಾಗಿಲಲ್ಲಿ ನಿಲ್ಲಿಸಿದ. ಖಾಲಿ ಕೋವಿ,
ಎರಡು ಸಲ ಮಡಿಚಿ ತೋರಿಸಿದ.
ದುರ್ಬೀನನ್ನು ಮೇಲೆ ಸುಮ್ಮನೆ ನೂಲಿಂದ ಕಟ್ಟಿ:
"ಕಣ್ಣು ಮುಚ್ಚಿ. ಭುಜಕ್ಕೆ ತನ್ನಿ. ಈಗ ಬಿಡಿ. ಏನು ಕಾಣುತ್ತೆ?"
"ಕತ್ತಲೆ... ತಡಿ... ಹಾಂ, ಹೆಂಚು.
ಎದುರು ಮನೆ ಹೆಂಚು. ಒಂದೇ ಹೆಂಚು, ಪಾಚಿ ಸಮೇತ."
"ಬೀದೀಲಿ ಯಾವ ಗಾಡಿ ಹೋಯ್ತು?"
ಅರಸರಿಗೆ ಗೊತ್ತಿರಲಿಲ್ಲ.
ಹೋಗಿದ್ದು ಸೀಮೆಎಣ್ಣೆ ಗಾಡಿ, ಗಂಟೆ ಬಾರಿಸಿಕೊಂಡು.

ನೂಲು ಬಿಚ್ಚಿದ. ಮತ್ತೆ ಮುಚ್ಚು, ಮತ್ತೆ ಬಿಡು,
ಎರಡೂ ಕಣ್ಣು ಬಿಡು.
ಹಿಂದಿನ ಅಗಲ ಕಂಡಿಯೊಳಕ್ಕೆ
ಮುಂದಿನ ಮಣಿ ತಾನಾಗಿ ಬಂದು ಕೂತಿತು,
ಗುಳಿಯ ತಳಕ್ಕೆ ಗೋಲಿ ಉರುಳಿದ ಹಾಗೆ.

ಉಳಿದದ್ದು ಮಣಿ ಯಾವುದೆಂಬ ಮಾತು.
ಬೆಳ್ಳಿ ಬಿಸಿಲಲ್ಲಿ ಒಂದು ಪಕ್ಕ ಮಿಂಚಿ ಸುಳ್ಳು ಹೇಳುತ್ತೆ.
ಹಿತ್ತಾಳೆ ಮಬ್ಬಿನಲ್ಲಿ ಸಾಯುತ್ತೆ.
ಬಿದಿರ ಮೆಳೆಯ ಸಂಜೆಯಲ್ಲಿ, ಕಪ್ಪು ಮೈಯ ಮೇಲೆ
ಬಿಳುಪಾಗಿ ನಿಲ್ಲುವುದು ದಂತ.
ಎಣ್ಣೆಬಟ್ಟೆ ಕೆಳಗಿಡಿಸಿ ನನ್ನನ್ನು ಓಡಿಸಿದ
ಮಂಡಿ ಮೊಹಲ್ಲಾಕ್ಕೆ, ಇಸಾಕ್ ಸಾಬರ ಹತ್ತಿರ.
ಅವರು ಬೀಟೆ ಹಲಗೆಯೊಳಗೆ ಜಂಬೂಸವಾರಿ ಕೂರಿಸುತ್ತಿದ್ದರು;
ಒಂಬತ್ತು ಆನೆ, ಒಂದಕ್ಕೆ ಇನ್ನೂ ಕಣ್ಣಿಲ್ಲ.
ಆ ಕಣ್ಣಿಗೆ ಎತ್ತಿಟ್ಟ ಚೂರನ್ನೇ ಕಾಗದದಲ್ಲಿ ಮಡಿಸಿ
"ಸೀನಬೇಡ ಮಗಾ, ಹಾರಿಹೋದೀತು" ಅಂದರು.
ದಾರಿಯುದ್ದ ಉಸಿರು ಹಿಡಿದು ಬಂದೆ.
ಆನೆಯ ದಂತದಲ್ಲೇ ಆನೆಗೆ ಗುರಿ ಎಂದು
ಹೊಳೆಯುವ ವಯಸ್ಸಲ್ಲ ಅದು.

ಹದಿನೇಳು ದಿನಕ್ಕೆ ಅರಸರು ಬಂದರು.
"ಮಣಿ ಬಿದ್ದುಹೋಗಿದೆ. ಮುಳ್ಳಿಗೆ ಸಿಕ್ಕಿತೋ ಏನೋ."
"ಸಲಗ?" ಅಂದೆ. ಕೇಳಬಾರದಾಗಿತ್ತು.
"ಎರಡೂ ಕಣ್ಣು ಬಿಟ್ಟಿದ್ದೆನಲ್ಲ" ಅಂದರು,
ನನಗಲ್ಲ, ಗೋಡೆಯ ಗೂಟಕ್ಕೆ.

ಚಿಕ್ಕಪ್ಪ ನಳಿಗೆಯನ್ನು ಬೆಳಕಿಗೆ ಹಿಡಿದ.
ನಾನು ಹಚ್ಚಿ ಕಳಿಸಿದ ಎಣ್ಣೆ ಒಳಗೆ ಹಾಗೇ ಇತ್ತು.
ಮಣಿ ಕೂತಿದ್ದ ಕುಳಿಯ ಅಂಚಿಗೆ
ಚಾಕುವಿನ ಮೊನೆ ಗೀಚಿದ ಗುರುತು, ಹೊಸದು.
ಹೆಬ್ಬೆರಳಿಂದ ಅದನ್ನು ಮುಚ್ಚಿ ಅಂದ:
"ಕಾಡಿನ ಮುಳ್ಳು ಬುದ್ಧೀ. ಬಹಳ ಚೂಪು."
ಹಿತ್ತಾಳೆಯದು ಹಾಕಿಕೊಟ್ಟು ಎರಡು ರೂಪಾಯಿ ತಗೊಂಡ.

ದುರ್ಬೀನು ನಮ್ಮಲ್ಲೇ ಉಳಿಯಿತು, ಕೇಳಿಕೊಂಡು ಯಾರೂ ಬರಲಿಲ್ಲ.
ಈಗ ಅಂಗಡಿಯಿಲ್ಲ. ನನ್ನ ಒಂದು ಕಣ್ಣಿಗೆ ಪೊರೆ.
ಸಂಜೆ ತಾರಸಿಯಿಂದ ಬೆಟ್ಟದ ದೀಪ ನೋಡಲು
ಅದನ್ನೆತ್ತುತ್ತೇನೆ,
ಹುಬ್ಬಿನಿಂದ ನಾಲ್ಕು ಬೆರಳು ದೂರ ಹಿಡಿದು.
ಒದೆಯುವುದು ಏನೂ ಇಲ್ಲ.
ಆದರೂ.