ಸಾವಿರದ ಬಾಣ

ಭುಜ ಕೊಯ್ಸಿಕೊಂಡ ಮೈಮುಗೆ
ಇಪ್ಪತ್ತೆರಡು ಪೌಂಡಿನ ಬಿಲ್ಲೇ ಸಾಕೆಂದರು.
ಹಳೆಯ ಐನೂರರ ಬಾಣಗಳೋ
ಸೆಟೆದುಕೊಂಡೇ ಹೊರಟು ಹುಲ್ಲುಪಿಂಡಿಯ ಎಡಕ್ಕೆ,
ಮಂಜಿನೊಳಕ್ಕೆ.
ಮೂರು ಇನ್ನೂ ಸಿಕ್ಕಿಲ್ಲ.

ವಿಲ್ಯಾಂದಿಯ ಅಂಗಡಿಯಲ್ಲಿ ಕಾರೆಲ್
ಕಾರ್ಬನ್ ಕಡ್ಡಿಯೊಂದನ್ನು ಎರಡು ಗೂಟದ ಮೇಲಿಟ್ಟು
ನಡುವಿಗೆ ತೂಕದ ಗುಂಡು ನೇತುಹಾಕಿದ.
ಬಳುಕಿತು, ಒಂದಿಂಚು.
"ಇದು ಸಾವಿರ. ಅಂಕಿ ಏರಿದಷ್ಟೂ ಮೆದು."
"ಮುದುಕಿಗೆ ಮೆದು, ಅನ್ನು."
ಅವನು ಅದಕ್ಕೇನೂ ಅನ್ನದೆ
ತುದಿ ಕತ್ತರಿಸದೆಯೇ ಕೊಟ್ಟ:
"ಮೊದಲು ಬಿಟ್ಟು ನೋಡಿ. ಕೊಯ್ದದ್ದು ಬೆಳೆಯೋದಿಲ್ಲ."

ಸಂಜೆ, ಬರ್ಚ್ ಮರಗಳಾಚೆಯ ಬಯಲು.
ಬಿಲ್ಲಿನ ಮೈಯನ್ನು ಮೀನಿನ ಹಾಗೆ ಬಳಸಿ
ಹೋಗುತ್ತ ಹೋಗುತ್ತ ನೆಟ್ಟಗಾಯಿತು ಬಾಣ.
ಹಳದಿಗಲ್ಲ, ಕೆಂಪಿಗೆ.

ಕೀಳಲು ಹೋಗಲಿಲ್ಲ ಮೈಮು.
ಬಾಲದ ನಡುಕ ನಿಲ್ಲಲಿ ಎಂದು
ಭುಜ ತಿಕ್ಕುತ್ತ ನಿಂತಳು.