ಖಾಲಿ ಇದ್ದರೆ ಸೊನ್ನೆ

ಬಾಗಿಲು ತಟ್ಟುವುದಕ್ಕೂ ಒಂದು ವ್ಯಾಕರಣವಿದೆ.
ಮೊದಲು ವಿಳಾಸ, ಆಮೇಲೆ ಓರೆಗೀಟು, ಪ್ರಶ್ನಾರ್ಥಕ ಚಿಹ್ನೆ,
ರೋಗ ಯಾವುದು, ತಾಲೂಕು ಯಾವುದು, ಎಷ್ಟನೆಯ ವಾರ.
ಕೊನೆಗೆ ಮೂವತ್ತೆರಡು ಅಕ್ಷರದ ಕೀಲಿಕೈ.
ತೊಂಬತ್ತು ದಿನಕ್ಕೊಮ್ಮೆ ಸಾಯುತ್ತದೆ ಅದು,
ನನ್ನ ಗುತ್ತಿಗೆಗಿಂತ ಸ್ವಲ್ಪ ಬೇಗ.

ಕಾರವಾರದ ಕಚೇರಿ, ಎರಡನೆಯ ಮಹಡಿ.
ಕಿಟಕಿಗೆ ಉಪ್ಪು ಹಿಡಿದು ಸಮುದ್ರ ಕಾಣುವುದಿಲ್ಲ,
ಕೇಳುತ್ತದೆ ಅಷ್ಟೆ.
ಇಲಿಜ್ವರ, ಕುಮಟಾ, ಇಪ್ಪತ್ತೊಂಬತ್ತು ಎಂದು ಬರೆದು
ಎಂಟರ್ ಒತ್ತಿದೆ.
ಇನ್ನೂರು, ಅಂದಿತು ಸರ್ವರ್. ಇನ್ನೂರು ಅಂದರೆ ಸರಿ.
ಜ್ವರದವರ ಲೆಕ್ಕವಲ್ಲ,
ಕೇಳಿದ್ದು ಕೇಳಿಸಿತು ಎಂದಷ್ಟೇ ಅರ್ಥ.

ಒಂದು ಸಲಕ್ಕೆ ನೂರು ದಾಖಲೆ ಕೊಡುತ್ತದೆ,
ಮುಂದಿನ ನೂರಕ್ಕೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು
ಸೀಮೆಎಣ್ಣೆಗೆ ನಿಂತ ಹಾಗೆ.
ಎರಡನೆಯ ಪುಟದಲ್ಲೂ ಹೊಸಕುರ್ವೆ ಸಿಗಲಿಲ್ಲ.
ಇಂಗ್ಲಿಷಿನಲ್ಲಿ ಬರೆದವರು, ಒಬ್ಬರು ಒಂದು ಯು ಹಾಕಿದ್ದರು,
ಇನ್ನೊಬ್ಬರು ಎರಡು ಓ,
ಮೂರನೆಯವರು ಊರಿನ ಬಾಲವನ್ನೇ ಕತ್ತರಿಸಿದ್ದರು.
ಹುಡುಕುವವರಿಗೆ ಮೂರು ದ್ವೀಪ.
ಅಘನಾಶಿನಿಯ ನಡುವೆ ಇರುವುದು ಒಂದೇ:
ಗಜನಿಗದ್ದೆ, ಕಗ್ಗ ಭತ್ತ, ಮೊಣಕಾಲಿನವರೆಗೆ ಸವಳು ನೀರು,
ಆ ನೀರಲ್ಲಿ ಇಲಿಗೂ ಪಾಲು.

ಮೂರು ಹೆಸರಿನ ಮುಂದೂ, ಜ್ವರ ಎಂಬ ಮನೆಯಲ್ಲಿ
ಖಾಲಿ.
ಸೊನ್ನೆಯಲ್ಲ. ಖಾಲಿ.

ನಕ್ಷೆ ತೆರೆದು ನೋಡಿದೆ. ಹೊಸಕುರ್ವೆ ಹಸಿರು,
ಇಡೀ ತಾಲೂಕಿನಲ್ಲಿ ಅದಕ್ಕಿಂತ ಹಸಿರು ಬೇರೆ ಇಲ್ಲ.
ಬಣ್ಣ ಎಲ್ಲಿಂದ ಬಂತೆಂದು ಹಿಂದೆ ಹಿಂದೆ ಹೋದರೆ
ನಾಲ್ಕುನೂರ ಹನ್ನೆರಡನೆಯ ಸಾಲು, ಪಕ್ಕದಲ್ಲಿ ನನ್ನದೇ ಹೆಸರು,
ಎರಡು ವರ್ಷದ ಹಿಂದಿನ ತಾರೀಕು:
ಖಾಲಿ ಇದ್ದರೆ ಸೊನ್ನೆ ತುಂಬು.
ಅವತ್ತು ಮೀಟಿಂಗಿಗೆ ಹತ್ತು ನಿಮಿಷ ಇತ್ತು.
ಪಟ್ಟಿಯಲ್ಲಿ ತೂತು ಕಾಣಬಾರದು ಅಂದಿದ್ದರು ಸಾಹೇಬರು.

ನನ್ನ ಅಜ್ಜಿ ಹೊಳೆಯಂಚಿಗೆ ನಿಂತು ತಾರಿ ಕರೆಯುತ್ತಿದ್ದಳು,
ಅಂಗೈ ಬಾಯಿಗೆ ಮಡಚಿ, ಓಓ ಎಂದು.
ಆಚೆ ದಡದಿಂದ ಸದ್ದಿಲ್ಲದಿದ್ದರೆ
ಅಲ್ಲಿ ಯಾರೂ ಇಲ್ಲ ಎಂದು ಅವಳು ಒಮ್ಮೆಯೂ ಹೇಳಿದ್ದಿಲ್ಲ.
ಗಾಳಿ ಎದುರು ಇದೆ, ಅನ್ನುತ್ತಿದ್ದಳು.
ಇಲ್ಲವೆ, ಕುಡಿದು ಮಲಗಿದ್ದಾನೆ.
ಬಳಚಿನ ಬುಟ್ಟಿ ನೆರಳಿಗೆ ಸರಿಸಿ
ಮತ್ತೆ ಕೂಗುತ್ತಿದ್ದಳು.

ಆಶಾ ಕಾರ್ಯಕರ್ತೆ ನೀಲಾವತಿ ಅಂಬಿಗಳ ಫೋನು
ಆರನೆಯ ಸಲಕ್ಕೆ ತಾಗಿತು.
"ಒಂಬತ್ತು ದಿನ ಆಯ್ತು ತಾರಿ ಬಿಡದೆ. ಹೊಳೆ ಕೆಂಪಾಗದೆ.
ನಿಮ್ಮ ಆ ಆ್ಯಪು ತಿರುಗ್ತೇ ಇರ್ತದೆ,
ಸುಳಿಗೆ ಬಿದ್ದ ತೆಂಗಿನಕಾಯಿ ಹಾಂಗೆ.
ಲೆಕ್ಕ ಇದ್ದು ನನ್ನ ಹತ್ರ, ಕ್ಯಾಲೆಂಡರ್ ಹಿಂದೆ ಬರ್ದೆ ಇಟ್ಟಿದ್ದೆ.
ಹಿಡ್ಕಳಿ, ಓದ್ತೆ."

ಓದಿದಳು. ತಿಮ್ಮಣ್ಣ, ಕಣ್ಣು ಹಳದಿ.
ಅವನ ಸೊಸೆ, ಮೀನಖಂಡ ಹಿಡಿದುಕೊಂಡು ಅಳುತ್ತಾಳೆ.
ಶಾಲೆಯ ಅಡುಗೆ ಮಾದೇವಿ, ಐದು ದಿನದ ಜ್ವರ.
ಹೊನ್ನಪ್ಪನ ಮಗ, ಬರೀ ಹೊಟ್ಟೆನೋವು ಅನ್ನುತ್ತಾಳೆ ತಾಯಿ.
"ನಾ ಬರ್ಕಂಡಿದ್ದೆ ಹೌದು, ನೀವು ಬೇಕಾರೆ ಬಿಡಿ."
ಬಿಡಲಿಲ್ಲ.

ನಾಲ್ಕುನೂರ ಹನ್ನೆರಡನೆಯ ಸಾಲು ಅಳಿಸಿದೆ.
ಜಿಲ್ಲೆಯ ಮೈಮೇಲೆ ಹದಿನೇಳು ಕಡೆ ಹಸಿರು ಉದುರಿ
ಬೂದು ಎದ್ದಿತು.
ಇದೇನ್ರೀ ಕಲೆ, ಅಂದರು ಸಾಹೇಬರು.
ಗೊತ್ತಿಲ್ಲ ಸರ್, ಅಂದೆ.
ಅಂದರೆ, ಅದರ ಅರ್ಥವೇ ಗೊತ್ತಿಲ್ಲ ಅಂತ.
ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.
ಮಾತ್ರೆಯ ಡಬ್ಬಿ ಯಾರ ದೋಣಿಯಲ್ಲಿ ಹೋಗಬೇಕೆಂದು
ಸಂಜೆಯತನಕ ನಾಲ್ಕು ಇಲಾಖೆಗೆ ಫೋನು.

ಐದೂವರೆಗೆ ಇನ್ನೊಮ್ಮೆ ಕೇಳಿದೆ.
ಅದೇ ವಿಳಾಸ, ಅದೇ ವಾರ, ಮೂರೂ ಕಾಗುಣಿತ.
ಇನ್ನೂರು.
ಖಾಲಿ.
ಗಾಳಿ ಎದುರು ಇದೆ.