ಕೊಟೇಶನ್ನಿನ ಏಳನೇ ಸಾಲು

ಉಲಾನ್‌ಬಾತರಿನ ಹಳೆಯ ಅಚ್ಚುಕೂಟದ ಮೂರನೇ ಮಹಡಿ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಕಿಟಕಿಯ ಒಳಮೈಗೂ ಹಿಮ ಹೂಬಿಟ್ಟಿದೆ.
ಮೇಜಿನ ಮೇಲೆ ಐದು ಮೈಕು, ಎರಡು ಕ್ಯಾಮೆರಾ,
ನೋಡಿ ಹಿಂತಿರುಗಿಸಲು ಕಡ ತಂದ ಲೆನ್ಸುಗಳು
ಕರಿ ಬಟ್ಟೆಯ ಮೇಲೆ ಸಾಲಾಗಿ,
ವರನ ಕಡೆಯವರೆದುರು ಕೂತ ಹಾಗೆ.

ನಾನು ನ್ಯಾಮ್‌ಸುರೆನ್, ಲೆಕ್ಕದವಳು.
ಈ ಮದುವೆಯಲ್ಲಿ ನನಗೆ ಕೊಟ್ಟದ್ದು ಒಂದು ಕೆಂಪು ಪೆನ್ನು.

ಸೊಲೊಂಗೊ ಹೇಳುತ್ತಾಳೆ, ಈ ಲೆನ್ಸಿನಲ್ಲಿ
ಮುಖದ ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗುತ್ತದೆ.
ಬೆಲೆ ನೋಡಿದೆ. ನನ್ನ ಸೋದರಮಾವ ಕುರಿಯಲ್ಲಿ ಎಣಿಸುತ್ತಿದ್ದ:
ನಲವತ್ತು ಕುರಿ, ಒಂದು ಟಗರು, ಮೇಲೆ ನಾಯಿ.
ತೆಮುಲೆನ್ ದೀಪ ಹಚ್ಚುತ್ತಾನೆ,
ನೂರಕ್ಕೆ ತೊಂಬತ್ತಾರು ಅಂಕದ ಬೆಳಕಂತೆ,
ಚರ್ಮದ ಬಣ್ಣದ ಬಗ್ಗೆ ಸುಳ್ಳಾಡುವುದಿಲ್ಲವಂತೆ.
ಉಳಿದ ನಾಲ್ಕು ಎಲ್ಲಿ ಹೋಯಿತು ಎಂದೆ.
ನಮ್ಮ ಚಾಳಿಯೇ ಅದು.

ಅಳೆದೂ ಸುರಿದೂ ಸಂಜೆಯಾಯಿತು.
ಎರಡನೇ ಕ್ಯಾಮೆರಾ ಉಳಿಯಿತು, ಜಾರುವ ಹಳಿ ಹೋಯಿತು.
ಜರ್ಮನಿಯ ಕುರ್ಚಿಗಳೂ ಹೋದವು, ಕೂರಲು ಕುರ್ಚಿ ಸಾಕು.
ಏಳನೇ ಸಾಲು: ಪ್ರಿಆಂಪ್, ಒಂದು.
ಚಪ್ಪಲಿಯ ಡಬ್ಬದಷ್ಟಿದೆ, ಬೆಲೆ ಹಳೆಯ ಕಾರಿನಷ್ಟು.
ಏನು ಮಾಡುತ್ತದೆ ಇದು?
ದನಿಯನ್ನು ಎತ್ತಿ ಕೊಡುತ್ತದೆ.
ಎತ್ತಲು ಗಂಟಲಿಲ್ಲವೇ ಜನಕ್ಕೆ, ಎಂದು ಗೀಟೆಳೆದೆ.

ಮೈಕಿನ ಪರೀಕ್ಷೆಗೆ ಬಾಯಿ ಬೇಕಿತ್ತು.
ತೆಮುಲೆನ್ನನದು ಕುಸ್ತಿಯ ಕಣದಲ್ಲಿ ಕೂಗಿ ಬೆಳೆದ ಗಂಟಲು,
ಅವನ ಮುಂದೆ ಎಲ್ಲ ಮೈಕೂ ಒಂದೇ.
ನನ್ನನ್ನು ಕೂರಿಸಿದರು.
ಓದಲು ಬೇರೇನಿದೆ? ಬೆಲೆಪಟ್ಟಿಯನ್ನೇ ಓದಿದೆ.
ಕಿವಿಗೆ ಕವಚ ಇಟ್ಟುಕೊಂಡು ಕೇಳಿದರೆ
ಬರೀ ಮರಳು. ಗೋಬಿಯ ಗಾಳಿಯಾಚೆ
ಯಾವಳೋ ಒಬ್ಬಳು ಅಂಕಿ ಎಣಿಸುತ್ತಿದ್ದಾಳೆ.
ಸ್ವಲ್ಪ ಜೋರಾಗಿ, ಅಂದಳು ಸೊಲೊಂಗೊ.
ಇನ್ನೂ.
ಇನ್ನೂ ಸ್ವಲ್ಪ, ಅಕ್ಕಾ.

ಆಗಲಿಲ್ಲ.

ಇಂಥದೇ ಕಟ್ಟಡ, ಇಂಥದೇ ಮೂರನೇ ಮಹಡಿ,
ಅಡುಗೆಮನೆಯ ನಲ್ಲಿ ಪೂರಾ ತಿರುಗಿಸಿ ಅಮ್ಮ ಮಾತಾಡುತ್ತಿದ್ದಳು.
ಗೋಡೆಗೂ ಕಿವಿ ಎನ್ನುವುದು ನಮಗೆ ಗಾದೆಯಲ್ಲ,
ಮನೆಯ ನಕ್ಷೆ.
ಅವಳಿಗೆ ಎರಡು ತುಂಬುವ ಮೊದಲೇ ಕರೆದೊಯ್ದ ಅವಳಪ್ಪನ ಹೆಸರು,
ಮಠದಲ್ಲಿ ಅವನು ಕೂರುತ್ತಿದ್ದ ಸಾಲು, ಅವನ ಬಟ್ಟೆಯ ಬಣ್ಣ,
ಎಲ್ಲ ನನಗೆ ಬಂದದ್ದು ನೀರಿನ ಸದ್ದಿನಡಿ.
ನಾನು ಮಾತು ಕಲಿತದ್ದು ನಲ್ಲಿಗಿಂತ ಮೆಲ್ಲಗೆ.
ಈಗ ನಾವು ಅದೇ ಗೋಡೆಯ ಕಿವಿಗೆ ತುರುಕಲು
ಚದರ ಮೀಟರಿನ ಲೆಕ್ಕದಲ್ಲಿ ಸ್ಪಂಜು ಕೊಳ್ಳುತ್ತಿದ್ದೇವೆ.

ತೆಮುಲೆನ್ ಏನೂ ಹೇಳದೆ
ಏಳನೇ ಸಾಲಿನ ಪೆಟ್ಟಿಗೆಗೆ ತಂತಿ ಚುಚ್ಚಿದ.
ಮರಳು ನಿಂತಿತು.
ನಾಲಗೆ ಅಂಗುಳ ಬಿಟ್ಟದ್ದು ಕೇಳಿತು ನನಗೆ,
ಒಂಬತ್ತಕ್ಕೂ ಸೊನ್ನೆಗೂ ನಡುವೆ ಎಳೆದುಕೊಂಡ ಉಸಿರು.
ಐವತ್ತಾರು ವರ್ಷ ಇದೇ ಬಾಯಿ,
ಇಷ್ಟು ಹತ್ತಿರದಿಂದ ಭೇಟಿಯಾಗಿರಲಿಲ್ಲ.
ಮತ್ತೆ ಅದರ ಹಿಂದೆ,
ಟಪ್.
ಟಪ್.

ಟೀ ಕೋಣೆಯ ನಲ್ಲಿ ಅದು, ಎರಡು ಗೋಡೆಯಾಚೆ, ಅಂದ ತೆಮುಲೆನ್,
ಸದ್ದು ತಡೆಯುವ ಬಾಗಿಲೂ ಬೇಕಾಗುತ್ತದೆ, ಹದಿನಾಲ್ಕನೇ ಸಾಲು.
ಇಬ್ಬರೂ ನನ್ನ ಪೆನ್ನು ನೋಡಿ ನಕ್ಕರು.

ಈ ಕೋಣೆಯಲ್ಲಿ ಕರಡು ತಿದ್ದುತ್ತಿದ್ದವರು
ಹೊಡೆದ ಪದ ಮತ್ತೆ ಬೇಕೆನಿಸಿದರೆ
ಗೀಟಿನ ಕೆಳಗೆ ಚುಕ್ಕಿ ಇಡುತ್ತಿದ್ದರಂತೆ: ಇರಲಿ.
ಇಟ್ಟೆ. ಐದೋ ಆರೋ ಚುಕ್ಕಿ.
ದುಡ್ಡು ಎಲ್ಲಿಂದ, ನಾಳೆ ನೋಡೋಣ.

ಅಂಕಿ ಸಾಕು, ಅಂದಳು ಸೊಲೊಂಗೊ, ಬೇರೇನಾದರೂ ಹೇಳಿ,
ಯಾರದಾದರೂ ಹೆಸರು, ಯಾರದಾದರೂ ಸರಿ.
ಕೆಂಪು ದೀಪ ಉರಿಯುತ್ತಿತ್ತು.

ಎದ್ದು ಹೋಗಿ ನಲ್ಲಿ ಬಿಗಿದು ಬಂದೆ.
ಈಗ ಕೇಳಿ, ಅಂದೆ.